ದೊಡ್ಡಮ್ಮ ಮಾತಾಡಿದ ಸಿನಿಮಾ

ಇವತ್ತು ಬೆಳಿಗ್ಗೆ ನಮ್ಮ ಚಿತ್ರದುರ್ಗದ ಮನೆಯ ಪಕ್ಕ ಶಾಮಿಯಾನ ಕಟ್ಟುತ್ತಿದ್ದವನೊಬ್ಬ ಮೈಕಿಗೆ ಊದಿ 'ಹಲೋ, ಹಲೋ' ಅಂದ. ಅಷ್ಟಕ್ಕೇ ನನಗೆ ನಗು ಉಕ್ಕಿತು. ನಿಮಗೂ ಹೇಳಿಬಿಡುತ್ತೇನೆ, ಹೊಟ್ಟೆಯಲ್ಲಿಟ್ಟುಕೊಳ್ಳುವ ಸಂಗತಿಯಲ್ಲ.

ಹೊಸದುರ್ಗದಲ್ಲಿರುವ ನನ್ನ ದೊಡ್ಡಮ್ಮನ ಮಗ ಮಂಜನಿಗೆ ಸಿನಿಮಾ ಹುಚ್ಚು. ಕೆಲವು ವರ್ಷಗಳ ಹಿಂದೆ ಫೋನಿನಲ್ಲೇ ಒಂದು ಚಿತ್ರ ತೆಗೆದ. ಒಂದು ಮನೆಯಲ್ಲಿ ಅತ್ತೆಯ ಒರಳುಕಲ್ಲು ಮಾಯವಾಗುತ್ತದೆ, ಕದ್ದವರು ಯಾರು? ಇಷ್ಟೇ ಕಥೆ. ಒರಳುಕಲ್ಲನ್ನು ಯಾರಾದರೂ ಕದಿಯುತ್ತಾರೆಯೇ ಎಂದು ಕೇಳಬೇಡಿ. ನಾನು ಕೇಳಿ ಬೈಸಿಕೊಂಡಿದ್ದೇನೆ. ಅದರಲ್ಲಿ ನಾನು ಪೊಲೀಸ್. ನನ್ನ ಹೊಟ್ಟೆ ಮುಂದೆ ಓಡುತ್ತಿತ್ತು, ನಾನು ಹಿಂದೆ. ಕೊನೆಗೆ ಸಿಕ್ಕಿಬೀಳುವ ಸೊಸೆಯ ಪಾತ್ರ ಮಂಜನ ಹೆಂಡತಿ ಶೈಲಾಳದು.

ಜೋಗಿಮಟ್ಟಿ ಬೆಟ್ಟದ ಮೇಲೆ ತೆಗೆದದ್ದೇ ತಪ್ಪಾಯಿತು. ಅಲ್ಲಿನ ಗಾಳಿ ಎಲ್ಲರ ಮಾತನ್ನೂ ನುಂಗಿತ್ತು. ಅಷ್ಟರಲ್ಲಿ ಚಿತ್ರ ತೋರಿಸಲು ಹೊಳಲ್ಕೆರೆಯಲ್ಲಿ ಛತ್ರ ಗೊತ್ತುಮಾಡಿಯಾಗಿತ್ತು, ನೆಂಟರನ್ನೆಲ್ಲ ಕರೆದಾಗಿತ್ತು. ಮಂಜ ತಲೆಯ ಮೇಲೆ ಕೈ ಹೊತ್ತು ಕೂತ.

"ಮೈಕ್ ಕೊಡೋ ಇಲ್ಲಿ, ಎಲ್ಲರ ಮಾತೂ ನಾನೇ ಆಡ್ತೀನಿ," ಅಂದಳು ದೊಡ್ಡಮ್ಮ.

ಅವಳಿಗೂ ಶೈಲಾಳಿಗೂ ಮಾತು ನಿಂತು ತಿಂಗಳುಗಳಾಗಿದ್ದವು. ಸಾರಿಗೆ ಹುಳಿ ಹೆಚ್ಚಾಯಿತು ಎಂಬಲ್ಲಿ ಶುರುವಾಗಿ ತವರಿನವರೆಗೂ ಹೋದ ಜಗಳ. ಈಗ ಆ ಸೊಸೆಯ ಬಾಯಿಗೂ ಇವಳೇ ಮಾತು ಕೊಡಬೇಕು!

ಸಿನಿಮಾ ತೋರಿಸುವ ದಿನ ಮೈಕ್ ಹಿಡಿದು ಪರದೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಳು ನೋಡಿ! ನನ್ನ ಪೊಲೀಸನಿಗೆ ನೆಗಡಿಯಾದ ಕೋಣದ ದನಿ. ದಾರಿಗೆ ಅಡ್ಡ ಬಂದ ಆಡನ್ನೂ ಸುಮ್ಮನೆ ಬಿಡಲಿಲ್ಲ, ಅದಕ್ಕೂ ಎರಡು ಮಾತು. ಛತ್ರವೆಲ್ಲ ಬಿದ್ದು ಬಿದ್ದು ನಕ್ಕಿತು.

ಕೊನೆಯ ದೃಶ್ಯ ಬಂತು. ಪರದೆಯ ಮೇಲೆ ಶೈಲಾ ಅಳುತ್ತಾ ತುಟಿ ಆಡಿಸಿದಳು. 'ಹೌದು, ನಾನೇ ಕದ್ದೆ' ಎಂಬುದು ಮಂಜ ಬರೆದ ಮಾತು. ದೊಡ್ಡಮ್ಮ ಅದನ್ನು ಆಡದೆ ಮೈಕನ್ನು ಬಾಯಿಗೆ ಇನ್ನಷ್ಟು ಹತ್ತಿರ ಹಿಡಿದಳು. ಆಮೇಲೆ ಮೆತ್ತಗೆ, ಸೊಸೆಯ ದನಿಯಲ್ಲಿ, "ನಾನು ಕದ್ದಿಲ್ಲ ಅತ್ತೆ. ನೀವೇ ಯಾರಿಗೋ ಕೊಟ್ಟು ಮರ್ತಿದ್ದೀರಿ," ಅಂದಳು. ಅತ್ತೆಯ ಪಾತ್ರಕ್ಕೆ ತನ್ನದೇ ದನಿ: "ಹೂಂ ಕಣವ್ವ, ತಪ್ಪು ನಂದೇ. ಬಾ, ಉಣ್ಣಾಣ."

"ಅಯ್ಯೋ, ಕಳ್ಳನೇ ಇಲ್ದಂಗಾತು!" ಎಂದು ಮಂಜ ಕೂಗಿಕೊಂಡ. ಕೇಳುವವರು ಯಾರು? ಮುಂದಿನ ಸಾಲಿನಲ್ಲಿದ್ದ ಶೈಲಾ ಎದ್ದು ಹೋಗಿ ದೊಡ್ಡಮ್ಮನಿಗೆ ನೀರಿನ ಲೋಟ ಕೊಟ್ಟಳು.

"ಗಂಟ್ಲು ಒಣಗೈತೆ, ಕುಡೀರಿ ಅತ್ತೆ."

ಆ ಚಪ್ಪಾಳೆಯನ್ನು ನೀವು ಕೇಳಬೇಕಿತ್ತು.

ಇದನ್ನು ಬರೆಯುತ್ತಿರುವಾಗಲೇ ಮಂಜನ ಫೋನು. ಹಿರಿಯೂರಿನಲ್ಲಿ ತೆಗೆದ ಎರಡನೆಯ ಸಿನಿಮಾದಲ್ಲಿ ಒಂದೊಂದು ಮಾತೂ ಸ್ಪಷ್ಟವಾಗಿ ಕೇಳುತ್ತದಂತೆ.

"ಒಳ್ಳೇದಾತಲ್ಲೋ," ಅಂದೆ.

"ಏನು ಒಳ್ಳೇದಣ್ಣ! ಅದನ್ನೆಲ್ಲ ತೆಗೆದಾಕು, ನಾವೇ ಮಾತಾಡ್ತೀವಿ ಅಂತ ಅತ್ತೆ ಸೊಸೆ ಇಬ್ರೂ ಹಟ ಹಿಡಿದು ಕುಂತವ್ರೆ!"

ಅವನು ಮಾತು ಮುಗಿಸುವಷ್ಟರಲ್ಲಿ ಹೊಸದುರ್ಗಕ್ಕೆ ಹೊರಡಲು ನಾನು ಚಪ್ಪಲಿ ಮೆಟ್ಟಿಯಾಗಿತ್ತು.