ಗಿಣಿಯ ಕಣ್ಣು

ಹೆಂಡತಿ ಹೋದ ಮೇಲೆ ನಮ್ಮ ಮನೆಯಲ್ಲಿ ಸದ್ದು ಮಾಡುವುದು ಎರಡೇ, ಫ್ಯಾನು ಮತ್ತು ನಾನು. ಫ್ಯಾನಿಗಾದರೂ ಕರೆಂಟು ಬೇಕು. ನಾನು ಯಾರೂ ಕೇಳದಿದ್ದರೂ ಗೊಣಗುತ್ತಲೇ ಇರುತ್ತೇನೆ, ಅದೂ ಕನ್ನಡದಲ್ಲಿ. ಸೇಲಂನ ನಮ್ಮ ನೇಕಾರರ ಬೀದಿಯಲ್ಲಿ ಕನ್ನಡ ಅರ್ಥವಾಗುವವರಿಗೇನೂ ಬರವಿಲ್ಲ. ಆದರೆ ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ ಉತ್ತರ ಕೊಟ್ಟು, ಮತ್ತೆ ಫೋನು ನೋಡುತ್ತಾ ಕೂರುತ್ತಾರೆ. ನನ್ನ ಮಾತಿಗೆ ನನ್ನ ಮಾತಿನಲ್ಲೇ ಎದುರಾಡುತ್ತಿದ್ದವಳು ಅವಳೊಬ್ಬಳು.

ಅವಳು ಕೊಳ್ಳೇಗಾಲದ ಕಡೆಯಿಂದ ಬಂದವಳು, ಕನ್ನಡ ಶಾಲೆಯಲ್ಲಿ ಓದಿದವಳು. ತಮಿಳು ಶಾಲೆಗೆ ಹೋದ ನನಗೆ ಈ ಅಕ್ಷರಗಳನ್ನು ಕಲಿಸಿದವಳೂ ಅವಳೇ. ಮಗ್ಗ ನಿಂತ ದಿನಗಳಲ್ಲಿ, ಬೇಡವಾದ ಹಳೆಯ ಅಟ್ಟೆಗಳ ಹಿಂಬದಿಯಲ್ಲಿ ಬರೆದು ತೋರಿಸುತ್ತಿದ್ದಳು. ಅಟ್ಟೆ ತುಂಬ ತೂತುಗಳು. ಅಕ್ಷರ ತೂತಿನ ಮೇಲೆ ಬಂದರೆ ಅರ್ಧ ಮಾಯ. ನನ್ನ ಕನ್ನಡದಲ್ಲಿ ಏನಾದರೂ ಕೊರತೆ ಕಂಡರೆ ಅದಕ್ಕೆ ಆ ತೂತುಗಳೇ ಕಾರಣ.

ಅಟ್ಟೆ ಎಂದರೆ ರಟ್ಟಿನ ಪಟ್ಟಿ. ರೇಷ್ಮೆ ಸೀರೆಯಲ್ಲಿ ಹೂವೋ ಹಕ್ಕಿಯೋ ಮೂಡಬೇಕಾದರೆ, ಯಾವ ಎಳೆ ಮೇಲೇಳಬೇಕು, ಯಾವುದು ಕೆಳಗೇ ಇರಬೇಕು ಎಂದು ಮಗ್ಗದ ಮೇಲಿರುವ ಜಕಾರ್ಡ್ ಪೆಟ್ಟಿಗೆಗೆ ಹೇಳಬೇಕು. ಹೇಳುವುದು ಅಟ್ಟೆಯ ಕೆಲಸ. ತೂತಿದ್ದ ಕಡೆ ಎಳೆ ಏಳುತ್ತದೆ, ಇಲ್ಲದ ಕಡೆ ಏಳುವುದಿಲ್ಲ. ಚೌಕುಳಿ ಕಾಗದದಲ್ಲಿ ಬರೆದ ಚಿತ್ರವನ್ನು ಒಂದೊಂದೇ ಸಾಲು ಓದಿಕೊಂಡು, ಸಾಲಿಗೊಂದು ಅಟ್ಟೆಯಂತೆ ಸುತ್ತಿಗೆಯಿಂದ ತೂತು ಹೊಡೆದು, ಎಲ್ಲವನ್ನೂ ದಾರದಿಂದ ಸರಪಳಿಯ ಹಾಗೆ ಕಟ್ಟುವುದು ಅವಳ ಪಾಲಿಗೆ. ನೇಯುವುದು ನನ್ನ ಪಾಲಿಗೆ. ಅವಳು ಜಗಲಿಯಲ್ಲಿ ಟಕ್ ಟಕ್ ಎನ್ನುತ್ತಿದ್ದರೆ ಒಳಗೆ ನಾನು ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಲಾಳಿ ಓಡಿಸುತ್ತಿದ್ದೆ. ದಿನವಿಡೀ ಹೀಗೆ. ಅವಳ ಸುತ್ತಿಗೆ ನಿಂತರೆ ಕಾಫಿ ಬರುತ್ತದೆ ಎಂದು ಅರ್ಥ.

ಮಗಳು ಹುಟ್ಟಿದ ವರ್ಷ ಅವಳು ಗಿಣಿ ಸೆರಗಿನ ಅಟ್ಟೆಗಳನ್ನು ಹೊಡೆದಳು. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಹೊಡೆಯುತ್ತಿದ್ದಳು. ಮೊದಲ ಸೀರೆ ಇಳಿಸಿ ನೋಡಿದರೆ ಜರಿಯ ಗಿಣಿಗಳು ಚೆನ್ನಾಗಿವೆ, ಕೊಕ್ಕು ಬಾಲ ಎಲ್ಲ ಸರಿಯಾಗಿದೆ, ಕಣ್ಣು ಮಾತ್ರ ಇಲ್ಲ. ಕಣ್ಣಿನ ಜಾಗದಲ್ಲಿ ಬೇಡದ ತೂತು ಬಿದ್ದು, ಅಲ್ಲಿಯೂ ಜರಿ ತುಂಬಿಕೊಂಡು, ತಲೆ ಪೂರ್ತಿ ಹೊಳೆಯುತ್ತಿತ್ತು. ಒಂದು ಗಿಣಿಯ ತಪ್ಪು ಸೆರಗಿನ ಎಲ್ಲ ಗಿಣಿಗಳಿಗೂ. ಕಾಗದ ಅಂಟಿಸಿ ಮುಚ್ಚಿದಳು. ಪೆಟ್ಟಿಗೆಯ ಸೂಜಿ ಬಡಿದು ಬಡಿದು ಅದು ಕಿತ್ತುಹೋಯಿತು. ಮತ್ತೆ ಅಂಟಿಸಿದಳು, ಮತ್ತೆ ಕಿತ್ತುಹೋಯಿತು. ನಮಗೆ ನೂಲು ಕೊಟ್ಟು ನೇಯಿಸುತ್ತಿದ್ದ ಮೊದಲಾಳಿ, ಕೊಂಡವರು ಯಾರೂ ಕೇಳಲಿಲ್ಲ, ಹಾಗೇ ಓಡಿಸಿ ಎಂದರು. ಹಾಗೇ ಓಡಿತು, ವರ್ಷಗಟ್ಟಲೆ.

ನನಗಂತೂ ಹಬ್ಬ. ಸಾರಿಗೆ ಉಪ್ಪು ಹೆಚ್ಚಾದರೆ "ಯಾಕೆ, ಕಣ್ಣಿಲ್ಲದ ಗಿಣಿ ಉಪ್ಪು ಹಾಕ್ತಾ?" ಎನ್ನುತ್ತಿದ್ದೆ. ಸೂಜಿಗೆ ದಾರ ಪೋಣಿಸಲು ತಡವಾದರೆ "ಕುರುಡು ಗಿಣಿ" ಎನ್ನುತ್ತಿದ್ದೆ. ಅವಳು "ಮುಚ್ಕಂಡು ನೇಯಿ ಸಾಕು" ಎನ್ನುತ್ತಿದ್ದಳು. ಊರೆದುರಿಗೆ ನನ್ನನ್ನು ಬಹುವಚನದಲ್ಲಿ ಕರೆಯುತ್ತಿದ್ದವಳು ಗಿಣಿಯ ವಿಷಯಕ್ಕೆ ಮಾತ್ರ ಏಕವಚನಕ್ಕಿಳಿಯುತ್ತಿದ್ದಳು. ಅದು ನನಗೆ ಬಲು ಇಷ್ಟವಾಗಿತ್ತು.

ಆಮೇಲೆ ಬೀದಿಗೆ ಹೊಸ ಪೆಟ್ಟಿಗೆಗಳು ಬಂದವು. ಅಟ್ಟೆ ಬೇಡ, ಪೆನ್‌ಡ್ರೈವ್ ಸಿಕ್ಕಿಸಿದರೆ ಸಾಕು. ಒಳಗೆ ಪುಟ್ಟ ಪುಟ್ಟ ತಂತಿ ಸುರುಳಿಗಳಿವೆ. ಕರೆಂಟು ಹರಿದಾಗ ಸುರುಳಿ ಅಯಸ್ಕಾಂತವಾಗಿ ಎಳೆ ಎತ್ತುವ ಕೊಕ್ಕೆಯನ್ನು ಹಿಡಿಯುತ್ತದೆ, ನಿಂತಾಗ ಬಿಡುತ್ತದೆ. ಹರಿಯುವ ಕರೆಂಟಿಗೆ ದಿಕ್ಸೂಚಿಯ ಮುಳ್ಳು ತಿರುಗುವುದನ್ನು ಯಾರೋ ಒಬ್ಬ ಮೇಷ್ಟ್ರು ಎಂದೋ ಕಂಡರಂತೆ. ಅದು ಸುತ್ತಿ ಬಳಸಿ ನಮ್ಮ ಬೀದಿಗೆ ಬಂದು ಹೆಂಗಸರ ಸುತ್ತಿಗೆಗಳನ್ನು ಅಟ್ಟಕ್ಕೆ ಸೇರಿಸಿತು. ಸುಳ್ಳು ಹೇಳಬಾರದು, ನೇಯುವವನಿಗೆ ಸುಖವಾಯಿತು, ಕಾಲುನೋವು ತಗ್ಗಿತು. ಆದರೆ ಜಗಲಿಗಳು ಮೌನವಾದವು. ಅವಳು ಕೆಲಸವಿಲ್ಲದೆ ಅಕ್ಕಿ ಆರಿಸಿದ್ದನ್ನೇ ಮತ್ತೆ ಆರಿಸುತ್ತಿದ್ದಳು.

ಅವಳಿಗೆ ಹೊಟ್ಟೆನೋವು ಬಂದಾಗ ಸ್ಕ್ಯಾನ್ ಮಾಡಿಸಿದೆವು. ಡಾಕ್ಟರು ಪರದೆಯಲ್ಲಿ ಚಿತ್ರವನ್ನು ದೊಡ್ಡದು ಮಾಡುತ್ತಾ ಹೋದರು. ಒಂದು ಹಂತದಲ್ಲಿ ಚಿತ್ರ ಒಡೆದು ಕಪ್ಪು ಬಿಳುಪು ಚೌಕಗಳಾಯಿತು. ಅವಳು ನನ್ನ ಕೈ ತಿವಿದು, "ಇಲ್ ನೋಡಿ, ನಮ್ ಗ್ರಾಪ್ ಪೇಪರ್ ಇದ್ದಂಗೇ ಐತೆ" ಅಂದಳು. ಡಾಕ್ಟರು ಬಿಳಿ ಚೌಕಗಳ ಒಂದು ಗುಂಪನ್ನು ತೋರಿಸಿ, ಅದು ಗಡ್ಡೆ ಎಂದು ಮೆಲ್ಲಗೆ ಹೇಳುತ್ತಿದ್ದರು. ಅವಳು ಚೌಕಗಳನ್ನೇ ನೋಡುತ್ತಿದ್ದಳು. ಮೈ ಕೊಯ್ಯದೆ ಒಳಗನ್ನು ತೋರಿಸುವ ಬೆಳಕು ಕಂಡುಹಿಡಿದ ಬುದ್ಧಿವಂತರಿಗೆ ನಾನು ಕೈಮುಗಿಯಬೇಕು, ಗೊತ್ತು. ಆದರೂ ಅಷ್ಟು ಚೊಕ್ಕಟವಾಗಿ ತೋರಿಸಿ ಉಳಿಸಿಕೊಡದೆ ಹೋದರಲ್ಲ ಎಂದು ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಈ ವರ್ಷ ಮೊದಲಾಳಿಯ ಮಗನಿಗೆ ಹಳೆಯ ಡಿಸೈನುಗಳ ಹುಚ್ಚು ಹಿಡಿಯಿತು. ಹಳೆಯದನ್ನೇ ಜನ ಕೇಳುತ್ತಾರಂತೆ. ಗಿಣಿ ಅಟ್ಟೆ ಕೊಡಿ, ಕಂಪ್ಯೂಟರಿಗೆ ಏರಿಸಿಕೊಳ್ಳುತ್ತೇವೆ ಎಂದ. ಅಟ್ಟದಿಂದ ಇಳಿಸಿದೆ. ಅಂಚುಗಳನ್ನು ಗೆದ್ದಲು ತಿಂದಿತ್ತು, ತೂತುಗಳು ಉಳಿದಿದ್ದವು. ಬೆರಳಾಡಿಸಿದರೆ ಅವಳ ಸುತ್ತಿಗೆ ಪೆಟ್ಟಿನ ಏಣುಗಳು ಸಿಗುತ್ತಿದ್ದವು. ಕೊಡಲು ಮನಸ್ಸಿರಲಿಲ್ಲ. ಗೆದ್ದಲಿಗೆ ಕೊಡುವುದಕ್ಕಿಂತ ಮೇಲು ಎಂದು ಕೊಟ್ಟೆ.

ಕಂಪ್ಯೂಟರಿನಲ್ಲಿ ಡಿಸೈನ್ ಮಾಡುವಾಕೆ ನಮ್ಮ ಜನವೇ, ಎರಡು ಮಕ್ಕಳ ತಾಯಿ. ನನ್ನನ್ನು ದೊಡ್ಡಪ್ಪ ಎನ್ನದೆ ಪೆರಿಯಪ್ಪಾ ಎಂದು ಕರೆಯುತ್ತಾಳೆ. ಕನ್ನಡ ತಿಳಿಯುತ್ತದೆ, ನಾಲಿಗೆಗೆ ಬರುವುದು ತಮಿಳು. ಅವಳೇ ನನಗೆ ಹೇಳಿದ್ದು, ಕಂಪ್ಯೂಟರಿಗೂ ತಿಳಿಯುವುದು ಇಷ್ಟೇ, ತೂತಿದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ ಎಂದು. ಇನ್ನೂರು ವರ್ಷದ ಹಿಂದೆ ಫ್ರಾನ್ಸಿನ ಮಗ್ಗಗಳಲ್ಲಿ ಓಡಿದ ಅಟ್ಟೆಯನ್ನು ನೋಡಿಯೇ, ಲೆಕ್ಕ ಮಾಡುವ ಯಂತ್ರಕ್ಕೂ ಹೀಗೆ ಹೇಳಿಕೊಡಬಹುದು ಎಂದು ಕೆಲವರಿಗೆ ಹೊಳೆಯಿತಂತೆ. ಹಾಗಾದರೆ ಬ್ಯಾಂಕು, ರೇಷನ್ ಅಂಗಡಿ, ಸ್ಕ್ಯಾನು, ಬೀದಿಯವರು ನನಗೆ ಮುಖ ಕೊಡದೆ ನೋಡುವ ಫೋನು, ಎಲ್ಲವೂ ನಮ್ಮ ಜಗಲಿಯ ಸಂತಾನವೇ. ಈ ಸಂಗತಿಯನ್ನು ಹೇಳಿಕೊಂಡು ಜಂಬಪಡಲು ಮನೆಯಲ್ಲಿ ಯಾರೂ ಇರಲಿಲ್ಲ.

ಪರದೆಯಲ್ಲಿ ಗಿಣಿ ಬಂದಿತ್ತು. ಅದಕ್ಕೆ ಕಣ್ಣಿತ್ತು.

"ಪೆರಿಯಪ್ಪಾ, ಅಟ್ಟೆಯಿಲ ಮಿಸ್ಟೇಕ್ ಇರುಂದುದು. ನಾನ್ ಸರಿ ಪಣ್ಣಿಟ್ಟೇನ್" ಅಂದಳು, ಅಟ್ಟೆಯ ತಪ್ಪನ್ನು ತಿದ್ದಿದ್ದಕ್ಕೆ ಶಾಭಾಸ್ ಸಿಗುತ್ತದೆ ಎಂದು ನನ್ನ ಮುಖ ನೋಡುತ್ತಾ.

"ತೆಗಿ ಅದ್ನ" ಅಂದೆ. ದನಿ ಜೋರಾಯಿತು. "ಆ ಗಿಣಿ ಹುಟ್ಟಿದ್ದೇ ಹಂಗೆ. ಕಣ್ ಕೊಡಕ್ಕೆ ನೀ ಯಾರು?"

ಅವಳು ಸಿಟ್ಟಾಗಲಿಲ್ಲ. ಕಣ್ಣಿಲ್ಲದ ಗಿಣಿಯನ್ನು ಅಂಗಡಿಯವರು ಡ್ಯಾಮೇಜ್ ಎಂದು ವಾಪಸು ಕಳಿಸುತ್ತಾರೆ ಎಂದಳು. ಮೊದಲಾಳಿಯ ಮಗನೂ ಒಪ್ಪಲಿಲ್ಲ. ಕೊನೆಗೆ ಅವಳೇ ದಾರಿ ಹೇಳಿದಳು. ಹಳೆಯ ಸೀರೆ ಒಂದು ತಂದು ತೋರಿಸಿದರೆ, ಹಳೆಯ ಡಿಸೈನೇ ಹೀಗೆ ಎಂದು ಮೊದಲಾಳಿಯ ಮಗನನ್ನು ಒಪ್ಪಿಸಬಹುದು. ಮುಂದಿನ ವಾರ ಮಗ್ಗಕ್ಕೆ ಏರುವುದರೊಳಗೆ ತರಬೇಕು.

ನಾವು ನೇಯ್ದ ಸೀರೆಗಳಲ್ಲಿ ಕೈಗೆ ಎಟಕುವುದು ಒಂದೇ, ಮಗಳ ಮದುವೆ ಸೀರೆ. ನಾನೇ ನೇಯ್ದದ್ದು, ಅದೇ ಗಿಣಿ ಸೆರಗು. ಮಗಳಿರುವುದು ಪಾಲಕೋಡಿನಲ್ಲಿ. ಅಳಿಯ ಟೊಮ್ಯಾಟೊ ಮಂಡಿಯಲ್ಲಿ ವ್ಯಾಪಾರ ಮಾಡುತ್ತಾನೆ. ಮಾರನೆಯ ದಿನವೇ ಬಸ್ಸು ಹತ್ತಿದೆ. ತೊಪ್ಪೂರು ಘಾಟಿಯಲ್ಲಿ ಲಾರಿಗಳ ಹಿಂದೆ ಬಸ್ಸು ತೆವಳಿತು. ನಲ್ಲಂಪಳ್ಳಿ ದಾಟುವವರೆಗೂ ಮನಸ್ಸಿನಲ್ಲೇ ಆ ಡಿಸೈನ್ ಮಾಡುವಾಕೆಯ ಜೊತೆ ಜಗಳವಾಡುತ್ತಿದ್ದೆ. ಅವಳು ಅಳಿಸಿದ್ದು ತಪ್ಪನ್ನಲ್ಲ, ನನ್ನ ಹೆಂಡತಿಯ ಕೈಯನ್ನು. ಅಡುಗೆ ತಿಂದು ಮುಗಿಯಿತು, ಮಾತು ಗಾಳಿಗೆ ಹೋಯಿತು, ಬಟ್ಟೆಗಳನ್ನು ಹಂಚಿಬಿಟ್ಟೆವು. ಇವಳು ಇಲ್ಲಿದ್ದಳು ಎಂದು ಹೇಳಲು ಆ ಕುರುಡು ಗಿಣಿಯೊಂದೇ ನನಗೆ ಉಳಿದಿತ್ತು.

"ಏನಪ್ಪಾ, ಒಂದ್ ಫೋನೂ ಮಾಡ್ದೆ ಬಂದ್ಬುಟ್ಟೆ?" ಎಂದು ಮಗಳು ಬಾಗಿಲಲ್ಲೇ ಗಾಬರಿಯಾದಳು. ಊಟ ಬಡಿಸಿದಳು. ನನಗೆ ಊಟದ ಮೇಲೆ ಮನಸ್ಸಿಲ್ಲ. ಸೀರೆ ತೆಗಿ ಎಂದೆ. ಬೀರುವಿನ ತಳದಿಂದ ಬಿಳಿ ಪಂಚೆಯಲ್ಲಿ ಸುತ್ತಿದ್ದನ್ನು ತಂದು ಮಂಚದ ಮೇಲೆ ಬಿಚ್ಚಿದಳು. ಕಿಟಕಿಯ ಬೆಳಕಿಗೆ ಸೆರಗು ಹರಡಿದೆ.

ಗಿಣಿಗಳು ನನ್ನನ್ನು ನೋಡಿದವು.

ಒಂದಲ್ಲ, ಎಲ್ಲವೂ. ಪ್ರತಿ ಗಿಣಿಯ ತಲೆಯಲ್ಲೂ ಅರಗಿನ ಬಣ್ಣದ ರೇಷ್ಮೆಯ ಒಂದು ಚುಕ್ಕೆ. ಮೊದಲು ನನ್ನ ಕಣ್ಣೇ ಮಂಜಾಗಿದೆ ಎಂದುಕೊಂಡೆ. ಉಗುರಿನಿಂದ ಮುಟ್ಟಿ ನೋಡಿದರೆ ಗಂಟು ಸಿಕ್ಕಿತು. ನೇಯ್ದದ್ದಲ್ಲ, ಸೂಜಿಯಲ್ಲಿ ಹೊಲಿದದ್ದು. ಒಂದರ ಕಣ್ಣು ಕೊಕ್ಕಿಗೆ ತೀರ ಹತ್ತಿರ, ಒಂದರದು ನೆತ್ತಿಯ ಮೇಲೆ, ಒಂದು ತೂಕಡಿಸುತ್ತಿರುವ ಹಾಗೆ.

"ಯಾರು ಮಾಡಿದ್ದಿದು?"

"ಅಮ್ಮ" ಅಂದಳು ಮಗಳು. "ನೀನು ಮದ್ವೆ ಪತ್ರಿಕೆ ಕೊಡಕ್ಕೆ ಕೊಳ್ಳೇಗಾಲದ ಕಡೆ ಓಗಿದ್ದಲ್ಲ, ಆವಾಗ. ನೀ ಬರೋವರ್ಗೂ ಕೂತ್ಕಂಡು ಒಲೀತಿದ್ಳು. ಕುರುಡು ಗಿಣಿ ಉಟ್ಕಂಡು ನನ್ ಮಗ್ಳು ಮಣೆ ಏರ್ಬಾರ್ದು ಅಂತ."

"ನಂಗ್ಯಾಕೆ ಹೇಳ್ಲಿಲ್ಲ?"

"ನಿಮ್ಮಪ್ಪಂಗೆ ಯೋಳ್ಬೇಡ, ಆಡ್ಕಂಡ್ ನಗ್ತಾನೆ ಅಂದ್ಳು."

ಮದುವೆಯ ದಿನ ಮಗಳ ಸೆರಗು ನೋಡುವ ಪುರುಸೊತ್ತು ಯಾವ ಅಪ್ಪನಿಗಿರುತ್ತದೆ? ಹಾರ, ಹೊಗೆ, ಬೀಗರ ಉಪಚಾರ. ಮದುವೆಯಾದ ಮೇಲೂ ನಾನು ಗಿಣಿಯ ಮಾತಾಡಿ ಚುಡಾಯಿಸುವುದನ್ನು ಬಿಡಲಿಲ್ಲ. ಅವಳು "ಮುಚ್ಕಂಡು ನೇಯಿ" ಎನ್ನುವುದನ್ನೂ ಬಿಡಲಿಲ್ಲ. ಕಣ್ಣು ಹಾಕಿದ ಗಿಣಿಗಳು ಪಾಲಕೋಡಿನ ಬೀರುವಿನಲ್ಲಿದ್ದವು, ಅವಳಿಗೆ ಗೊತ್ತಿತ್ತು, ಅಷ್ಟು ವರ್ಷ ಬಾಯಿ ಬಿಡಲಿಲ್ಲ. ನನಗೆ ನಗು ಬಂತು. ಆಮೇಲೆ ಮಗಳೆದುರಿಗೇ ಅತ್ತುಬಿಟ್ಟೆ. ಅವಳು ಸೀರೆಯನ್ನು ಪಕ್ಕಕ್ಕೆ ಸರಿಸಿದಳು, ಕಣ್ಣೀರು ಬಿದ್ದರೆ ಜರಿ ಕಪ್ಪಾದೀತು ಎಂದು. ನೇಕಾರನ ಮಗಳು.

ಸೀರೆ ತೆಗೆದುಕೊಂಡು ಹೋಗು ಎಂದಳು. ಬೇಡ, ಇನ್ನು ಅದರ ಕೆಲಸವಿಲ್ಲ ಎಂದೆ.

ಸೇಲಂಗೆ ಬಂದವನು ಬಸ್ ಸ್ಟ್ಯಾಂಡಿನಿಂದ ನೇರವಾಗಿ ಡಿಸೈನ್ ಮಾಡುವಾಕೆಯ ಅಂಗಡಿಗೆ ಹೋದೆ. ಅವಳು ಸೀರೆ ಎಲ್ಲಿ ಎಂದು ನನ್ನ ಕೈ ನೋಡಿದಳು. ನನ್ನ ಕಾಟಕ್ಕೆ ಗಿಣಿಯ ಕಣ್ಣನ್ನು ಆಗಲೇ ತೆಗೆದಿಟ್ಟಿದ್ದಳು, ಪಾಪ.

"ಕಣ್ ಹಾಕಮ್ಮಾ" ಅಂದೆ.

"ಯಾಕ್ ಪೆರಿಯಪ್ಪಾ?" ಅಂದಳು. ಅಪರೂಪಕ್ಕೆ ಕನ್ನಡದಲ್ಲಿ.

"ಮನೆಯವಳೇ ಹಾಕವ್ಳೆ. ನಂಗೇ ಗೊತ್ತಿರ್ಲಿಲ್ಲ."

ಅವಳು ಬೆರಳಿನಿಂದ ಒಮ್ಮೆ ಒತ್ತಿದಳು. ಪರದೆಯ ತುಂಬ ಇದ್ದ ಗಿಣಿಗಳೆಲ್ಲ ಒಟ್ಟಿಗೇ ಕಣ್ಣು ಬಿಟ್ಟವು, ಎಲ್ಲವಕ್ಕೂ ಒಂದೇ ಜಾಗದಲ್ಲಿ, ಒಂದೇ ಅಳತೆಯ ಕಣ್ಣು. ಚೆನ್ನಾಗಿಯೇ ಇದ್ದವು. ಇದೇ ಕೆಲಸವನ್ನು ನನ್ನವಳು ಒಂದೊಂದೇ ಗಂಟು ಹಾಕಿ ಮಾಡುತ್ತಿದ್ದಾಗ ನಾನು ಯಾರ ಮನೆಯಲ್ಲಿ ಪತ್ರಿಕೆ ಕೊಟ್ಟು ಕಾಫಿ ಕುಡಿಯುತ್ತಾ ಕೂತಿದ್ದೆನೋ.

ಮನೆಗೆ ಬಂದು ಬೀಗ ತೆಗೆದೆ. ಚಪ್ಪಲಿ ಬಿಡುವ ಮೊದಲೇ, ಜಗಲಿಯಲ್ಲೇ ನಿಂತು, "ಗಿಣಿಗೆ ಕಣ್ ಹಾಕ್ಸ್ಬುಟ್ಟೆ ಕಣೇ" ಅಂದೆ. ಮುಚ್ಕಂಡು ನೇಯಿ ಎಂದು ಯಾರೂ ಅನ್ನಲಿಲ್ಲ.