ತುಳಸಿ ಕುಂಡಕ್ಕೆ ಒಂದು ಹಿಡಿ ಕಡಲು

"ಎನಕ್ಕು ವೇಂಡಾಂ, ಅಜ್ಜಿ."

ಬೇಡ ಎನ್ನುವುದಿದ್ದರೆ ನನ್ನ ಮಗಳು ಸ್ಮಿತಾ ತಮಿಳಿಗೆ ಹೊರಳುತ್ತಾಳೆ. ಬೇಡವೆಂದದ್ದು ಏನನ್ನು? ಎರಡೇ ಎರಡು ತುಳಸಿ ಎಲೆಯನ್ನು. ಅಷ್ಟಕ್ಕೇ ಪೆರಂಬೂರಿನ ನಮ್ಮ ಫ್ಲ್ಯಾಟಿನಲ್ಲಿ ದಿನವಿಡೀ ಮಾತು ನಿಂತುಹೋಯಿತು.

ಸ್ಮಿತಾ ಬಸುರಿ. ಹೆರಿಗೆಗೆಂದು ತವರಿಗೆ ಬಂದಿದ್ದಾಳೆ. ಸ್ವಲ್ಪ ನೆಗಡಿ. ನನ್ನ ಅವ್ವನ ಪ್ರಕಾರ ನೆಗಡಿಗೆ ಮದ್ದು ಒಂದೇ, ಬಾಲ್ಕನಿಯ ತುಳಸಿ. (ಜ್ವರಕ್ಕೂ ಅದೇ. ಅಳಿಯ ಫೋನ್ ಮಾಡದಿದ್ದರೂ ಬಹುಶಃ ಅದೇ.)

ಅವ್ವ ಹುಬ್ಬಳ್ಳಿಯವಳು. ಅಪ್ಪನಿಗೆ ರೈಲ್ವೆಯಲ್ಲಿ ಇಲ್ಲಿಗೆ ವರ್ಗವಾದಾಗ ಊರಿನ ಪದ್ಧತಿಗಳನ್ನೂ ಗಂಟು ಕಟ್ಟಿಕೊಂಡು ಬಂದಳು. ಅದರಲ್ಲೊಂದು: ಗಣಪತಿಯನ್ನು ನೀರಿಗೆ ಬಿಟ್ಟ ಮೇಲೆ ಮಣೆಯನ್ನು ಖಾಲಿ ತರಬಾರದು. ಅಲ್ಲಿನ ಒಂದು ಹಿಡಿ ಮಣ್ಣನ್ನು ಮಣೆಯ ಮೇಲಿಟ್ಟು ತರಬೇಕು. ಊರಲ್ಲಿ ಅದು ಕೆರೆಯ ಮಣ್ಣು. ಇಲ್ಲಿ ಎಣ್ಣೂರು ಕಡೆ ನದಿ ಕಡಲು ಸೇರುವಲ್ಲಿನ ಕಪ್ಪು ಕೆಸರು. ಆ ಹಿಡಿ ಹೋಗುವುದು ತುಳಸಿ ಕುಂಡಕ್ಕೆ. ಪ್ರತಿ ವರ್ಷ, ಅದೇ ಕುಂಡಕ್ಕೆ. (ಉಪ್ಪು ಹೋಗಲೆಂದು ಚೆನ್ನಾಗಿ ತೊಳೆದೇ ಹಾಕುತ್ತಾಳೆ. ಅವ್ವ ದಡ್ಡಿಯಲ್ಲ.)

ಸ್ಮಿತಾಳ ಕೆಲಸವೂ ಕೆಸರಿನದ್ದೇ. ಅವಳಿರುವ ಲ್ಯಾಬಿನಲ್ಲಿ ಕಡಲ ತಳದ ಕೆಸರನ್ನು ಒಣಗಿಸಿ, ಜರಡಿ ಹಿಡಿದು, ಅದರಲ್ಲಿ ಸೀಸ, ಕ್ಯಾಡ್ಮಿಯಂ, ಪಾದರಸ ಎಷ್ಟಿದೆ ಎಂದು ನೋಡುತ್ತಾರೆ. ಅಜ್ಜಿಯ ಮಣೆಯ ಮಣ್ಣನ್ನು ಅವಳು ಚಿಕ್ಕಂದಿನಿಂದ ಕಂಡವಳೇ. ಆದರೆ ಈ ಹಬ್ಬದಲ್ಲಿ ನೋಡುವ ಕಣ್ಣು ಬೇರೆಯಾಗಿತ್ತು. ಹೊಟ್ಟೆಯಲ್ಲಿ ಮಗು ಇದೆಯಲ್ಲ?

"ಯಾಕ, ನಾ ಏನ ವಿಷಾ ಕೊಡಾಕತ್ತೇನೇನು?" ಅವ್ವ ಎಲೆ ಹಿಡಿದ ಕೈಯನ್ನು ಹಿಂದಕ್ಕೆಳೆದುಕೊಂಡಳು.

"ಅಜ್ಜಿ, ಆ ಕೆಸರಲ್ಲಿ ಲೆಡ್, ಅಂದ್ರೆ ಸೀಸ, ಇರಬಹುದು. ಟೆಸ್ಟ್ ಮಾಡದೆ ಎಷ್ಟು ಅಂತ ತೆರಿಯಾದು. ಆದ್ರೆ ಪಾಪು ವಿಷಯದಲ್ಲಿ ರಿಸ್ಕ್ ಯಾಕೆ?"

"ತೊಳದೇನಲ್ಲ?"

"ಉಪ್ಪು ಹೋಗತ್ತೆ. ಇದು ಹೋಗಲ್ಲ ಅಜ್ಜಿ, ಮಣ್ಣಿಗೇ ಅಂಟಿಕೊಂಡಿರತ್ತೆ."

ನಾನು ನಡುವೆ ಪೇಪರ್ ಹಿಡಿದು ಕೂತಿದ್ದೆ. ಗಂಡಸರು ಇಂಥ ಹೊತ್ತಲ್ಲಿ ಮಾಡುವ ಕೆಲಸ ಅದೊಂದೇ.

ಆದರೆ ಅವಳ ಆ 'ಹೋಗಲ್ಲ' ಎಂಬ ಮಾತು ನನ್ನ ಮನಸ್ಸಿನಿಂದ ಹೋಗಲಿಲ್ಲ. ನೀರಿಗೆ ಬಿಟ್ಟರೆ ಹೋಯಿತು ಎಂದೇ ನಾವೆಲ್ಲ ನಂಬಿರುವವರು, ಅಲ್ಲವಾ? ಕಾರ್ಖಾನೆಯ ಕೊಳಚೆ, ಸುಟ್ಟ ಬೂದಿ, ಹಳೇ ಬ್ಯಾಟರಿ, ದೋಣಿಯ ಪೇಂಟು, ಎಲ್ಲವೂ ಹರಿದು ಎಲ್ಲಿಗೋ ಹೋಗುತ್ತದೆ. ಎಲ್ಲಿಗೆ? ಹೊಳೆಯಲ್ಲಿ ಮಿಂದರೆ ಪಾಪ ತೊಳೆದುಹೋಗುತ್ತದಂತೆ. ಹೋದ ಪಾಪದ ಅಡ್ರೆಸ್ ಯಾರಾದರೂ ಕೇಳಿದ್ದೇವಾ? ಲೋಹ ಕೊಳೆಯುವುದಿಲ್ಲ, ಕರಗಿ ಇಲ್ಲವಾಗುವುದೂ ಇಲ್ಲ. ತಳದ ಕೆಸರಲ್ಲಿ ಕೂತಿರುತ್ತದೆ. ಅಲ್ಲಿಂದ ಸಿಪ್ಪಿಗೆ, ಏಡಿಗೆ, ಅವನ್ನು ತಿಂದು ಬದುಕುವವರ ತಟ್ಟೆಗೆ.

ಮರುದಿನ ಸಂಜೆ ಅವ್ವನೇ ಮೌನ ಮುರಿದಳು. "ಅಲ್ಲಬೇ, ಆ ಸೀಸ ಅಲ್ಲಿಗೆ ಹೆಂಗ ಬಂತು?"

ಸ್ಮಿತಾ ಫ್ಯಾಕ್ಟರಿಯಿಂದ ಶುರು ಮಾಡಿದಳು. ಕೊನೆಗೆ ಸ್ವಲ್ಪ ತಡೆದು ಹೇಳಿದಳು. "ಕೆಲವು ಪೇಂಟಲ್ಲೂ ಇರತ್ತೆ ಅಜ್ಜಿ. ಪಳಪಳ ಹೊಳೆಯೋ ಹಳದಿ, ಕೆಂಪು..."

ಅವ್ವನ ಕಣ್ಣು ಗಣಪತಿಯ ಮಣೆಯತ್ತ ಹೋಯಿತು. ನಮ್ಮ ಬೀದಿಯವರೆಲ್ಲ ಹಸಿ ಮಣ್ಣಿನ ಪಿಳ್ಳೈಯಾರ್ ಗಣಪನನ್ನು ತರುತ್ತಾರೆ. ಗುಲಗಂಜಿಯ ಕಣ್ಣು, ಮೇಲೊಂದು ಕಾಗದದ ಕೊಡೆ, ಮುಗಿಯಿತು. ನಮ್ಮ ಮನೆಗೆ ಮಾತ್ರ ಅದು ಆಗಿಬರುವುದಿಲ್ಲ. "ಬಣ್ಣಾ ಇಲ್ಲದ ಗಣಪ್ಪ ಅಂದ್ರ ಅಂಗಿ ಇಲ್ಲದ ಮದಿಮಗ ಇದ್ದಂಗ" ಎಂದು ಅವ್ವ ಹುಡುಕಿ ಹುಡುಕಿ ಹೊಳೆಯುವುದನ್ನೇ ತರಿಸುತ್ತಾಳೆ. ಹೊತ್ತು ತರುವವನು ನಾನೇ. ಸಮುದ್ರಕ್ಕೆ ಬಣ್ಣ ಕೊಟ್ಟು ಬಂದು, ಅದರ ಮಣ್ಣನ್ನು ಪ್ರಸಾದವೆಂದು ಮನೆಗೆ ತಂದವರು ನಾವು.

ಬೆಳಿಗ್ಗೆ ಎದ್ದು ನೋಡಿದರೆ ಅವ್ವ ಬಾಲ್ಕನಿಯಲ್ಲಿ ಕೂತು ಕುಂಡದ ಮಣ್ಣನ್ನೆಲ್ಲ ಹಳೇ ಬಕೆಟ್ಟಿಗೆ ತೋಡುತ್ತಿದ್ದಳು. ಅಷ್ಟು ವರ್ಷ ಕೈ ಮುಗಿದ ಗಿಡಕ್ಕೆ ಇನ್ನೊಮ್ಮೆ ಕೈ ಮುಗಿದು ಪಕ್ಕಕ್ಕಿಟ್ಟಳು. "ಹೊಸಾ ಮಣ್ಣು, ಹೊಸಾ ಸಸಿ ತರಸೋಣು. ಅದು ಚಿಗುರಲಿ, ಆಮ್ಯಾಲ ತಿನ್ನು" ಎಂದಳು ಮೊಮ್ಮಗಳಿಗೆ.

ಸಮಸ್ಯೆ ಮುಗಿಯಿತೇ? ಬಕೆಟ್ ಇದೆಯಲ್ಲ! ಕೆಳಗೆ ಮರದ ಬುಡಕ್ಕೆ ಸುರಿಯೋಣವೆಂದರೆ ಅಲ್ಲಿ ಮಕ್ಕಳು ಆಡುತ್ತವೆ. ಕಸದ ಗಾಡಿಗೆ ಕೊಟ್ಟರೆ ಕಸದ ರಾಶಿಗೆ, ಮಳೆ ಬಂದರೆ ಕಾಲುವೆಗೆ, ಕಾಲುವೆಯಿಂದ ಮತ್ತೆ ಕಡಲಿಗೆ. ಸ್ಮಿತಾಳೂ ತಲೆ ಕೆರೆದುಕೊಂಡಳು. ಬಕೆಟ್ಟಿನ ಮೇಲೊಂದು ಮುಚ್ಚಳ ಹಾಕಿ ಮೂವರೂ ಸುತ್ತ ನಿಂತೆವು.

ಅವ್ವ ಕೇಳಿದಳು. "ಒಂದ ಬಕೀಟ ಮಣ್ಣ ಎಲ್ಲಿ ಚೆಲ್ಲಬೇಕಂತ ನಮಗ ತಿಳಿವಲ್ದು. ಆ ಸಮುದ್ರ ತನ್ನದನ್ನ ಎಲ್ಲಿ ಚೆಲ್ಲಬೇಕಪ್ಪಾ?"