ಅಕಾಡೆಮಿಯವರು ನೀಲಿ ನೋಡಲು ಬಂದ ದಿನ

ದೇಶಕ್ಕೊಂದು ವಿಜ್ಞಾನ ಮತ್ತು ಕಲೆಗಳ ಅಕಾಡೆಮಿ ಯಾಕೆ ಬೇಕು ಎಂದು ಯಾರಾದರೂ ಕೇಳಿದರೆ ಮೊದಲೆಲ್ಲ ಅರ್ಧ ಗಂಟೆ ಭಾಷಣ ಬಿಗಿಯುತ್ತಿದ್ದೆ. ಗದಗಿನ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನು ನಾನು, ಭಾಷಣ ನನಗೆ ಸಲೀಸು. ಈಗ ಅದೇ ಪ್ರಶ್ನೆ ಕೇಳಿದರೆ ಮೈ ಉರಿಯುತ್ತದೆ.

ಅಕಾಡೆಮಿ ಕಟ್ಟಿದ ಹಿರಿಯರ ಆಸೆ ಸಣ್ಣದಿರಲಿಲ್ಲ. ನಕ್ಷತ್ರದ ಲೆಕ್ಕ ಹಾಕುವವರು, ತಂಬೂರಿ ಮೀಟುವವರು, ಮಡಕೆ ಮಾಡುವವರು ಎಲ್ಲ ಒಂದೇ ಜಮಖಾನೆಯ ಮೇಲೆ ಕೂಡಬೇಕು ಅಂದುಕೊಂಡಿದ್ದರು. ಯಾವ ಪುಸ್ತಕದಲ್ಲೂ ಇಲ್ಲದೆ ಜನರ ಕೈಯಲ್ಲಷ್ಟೇ ಉಳಿದ ವಿದ್ಯೆಗಳನ್ನು ಒಂದು ದೊಡ್ಡ ದಾಖಲೆ ಪುಸ್ತಕದಲ್ಲಿ ಬರೆದಿಡಬೇಕು, ಹಾಗೆ ಬರೆದ ವಿದ್ಯೆ ಕಲಿಯಲು ಅಕಾಡೆಮಿಯೇ ಇಬ್ಬರನ್ನು ಒಂದು ವರ್ಷದ ಮಟ್ಟಿಗೆ ಕಳಿಸಬೇಕು ಎಂದು ನಿಯಮ ಮಾಡಿದರು. ಆಮೇಲೆ ವಿಜ್ಞಾನದವರು ಹೊಸ ಕಟ್ಟಡ ಕಟ್ಟಿಕೊಂಡರು, ಕಲೆಯವರು ಹಳೇ ಬಂಗಲೆಯಲ್ಲೇ ಉಳಿದರು. ನಡುವೆ ಒಂದು ಕಾಂಪೌಂಡ್ ಗೋಡೆ ಎದ್ದಿತು. ಒಮ್ಮೆ ಹೋದಾಗ ಕಣ್ಣಾರೆ ನೋಡಿದೆ, ಗೋಡೆಯಾಚೆ ಹೋಗಬೇಕಾದ ಕಾಗದಕ್ಕೂ ಅಂಚೆಚೀಟಿ ಹಚ್ಚುತ್ತಿದ್ದರು.

ನಮ್ಮ ಜಿಲ್ಲೆಗೆ ನಾನೇ ಈ ಅಕಾಡೆಮಿಯ ಸಂಪರ್ಕ ಸದಸ್ಯ. ಸಂಬಳವಿಲ್ಲ, ಕೊರಳಿಗೆ ಹಾಕಿಕೊಳ್ಳಲು ಒಂದು ಗುರುತಿನ ಚೀಟಿ ಇದೆ. ದಾಖಲಾಗಬೇಕಾದ ವಿದ್ಯೆ ಕಂಡರೆ ತಿಳಿಸುವುದು ನನ್ನ ಕೆಲಸ. ನಾನು ತಿಳಿಸಿದ್ದು ಖಾಲಾ ಅವರ ಬಗ್ಗೆ.

ಖಾಲಾ ಬೆಟಗೇರಿಯಲ್ಲಿ ನಮ್ಮ ಓಣಿಯ ಕಡೇ ಮನೆಯವರು. ಅರವತ್ತು ದಾಟಿದೆ. ಹಿಂದೂ ಮುಸ್ಲಿಂ ಅನ್ನದೆ ಓಣಿಗೆಲ್ಲ ಅವರು ಖಾಲಾನೇ, ಅಂದರೆ ಚಿಕ್ಕಮ್ಮ. ಸೀರೆ ನೇಯುವವರು ತಂದುಕೊಡುವ ನೂಲಿಗೆ ನೀಲಿ ಹಾಕುವುದು ಅವರ ಕಸುಬು. ಹಿತ್ತಲಲ್ಲಿ ನೆಲದಲ್ಲಿ ಹೂತ ಒಂದು ಗುಡಾಣ, ಅದರೊಳಗೆ ತಂದೆಯ ಕಾಲದಿಂದ ಹುಳಿಯುತ್ತ ಬಂದ ನೀಲಿ ನೀರು. ಅದಕ್ಕೆ ಖಾಲಾ ದಿನಾ ಏನಾದರೂ ಉಣಿಸುತ್ತಿದ್ದರು. ಒಂದು ದಿನ ಬೆಲ್ಲದ ನೀರು, ಒಂದು ದಿನ ಚಿಟಿಕೆ ಸುಣ್ಣ, ಇನ್ನೊಂದು ದಿನ ಅಸುಂಡಿಯ ಹೊಲದ ಬದುವಿನಿಂದ ತಂದ ತಗಚೆ ಬೀಜ ಕುದಿಸಿದ ಗಂಜಿ. ಏನು ಹಾಕಬೇಕೆಂದು ಬೆರಳದ್ದಿ ಮೂಸಿ, ನಾಲಿಗೆಗೆ ತಾಗಿಸಿ ನಿರ್ಧಾರ ಮಾಡುತ್ತಿದ್ದರು. ಗುಡಾಣದಿಂದ ನೂಲು ಮೇಲೆ ಬಂದಾಗ ಹಸಿರು. ಗಾಳಿ ಬಡಿದಂತೆ ಕಣ್ಣೆದುರೇ ನೀಲಿಯಾಗುತ್ತಿತ್ತು. ನೂರು ಸಲ ನೋಡಿದ್ದೇನೆ, ನೂರು ಸಲವೂ ಬಾಯಿ ತೆರೆದು ನಿಂತಿದ್ದೇನೆ.

ವಾಸನೆ ಮಾತ್ರ ಹೇಳತೀರದ್ದು. ಸೊಸೆಯಂದಿರು ಹಿತ್ತಲ ಬಾಗಿಲು ಮುಚ್ಚಿಕೊಂಡೇ ಇರುತ್ತಿದ್ದರು. ಕಲಿಯುವವರು ಒಬ್ಬರೂ ಇರಲಿಲ್ಲ. ಅಕಾಡೆಮಿಗೆ ಬರೆಯಲೇ ಎಂದು ನಾನು ಕೇಳಿದಾಗ ಖಾಲಾ ಒಂದೇ ಮಾತು ಅಂದರು.

"ಕಲಿಯಾಕ ಮಂದಿ ಬರ್ತಾರ ಅಂದ್ರ ಬರೀರಿ ಸರ. ಬರೇ ಹೆಸರು ತಗೊಂಡು ನಾ ಏನ್ ಮಾಡ್ಲಿ?"

ಬರೆದೆ. ಕಲೆಯವರು ಇದು ರಸಾಯನಶಾಸ್ತ್ರ ಎಂದು ಗೋಡೆಯಾಚೆ ಕಳಿಸಿದರು. ವಿಜ್ಞಾನದವರು ಇದು ಕರಕುಶಲ ಎಂದು ತಿರುಗಿ ಕಳಿಸಿದರು. ಅಳತೆ ಇಲ್ಲ ಅಂದರು. ನಾಲಿಗೆಯ ಅಳತೆಯನ್ನು ಯಾವ ಕಾಲಂನಲ್ಲಿ ತುಂಬಲಿ? ಎರಡು ವರ್ಷ ನನ್ನ ಕಾಗದ ಆ ಗೋಡೆಯನ್ನು ಹಾರುತ್ತ ಕೂತಿತ್ತು. ನಾನು ಫೋನಿನಲ್ಲಿ ಕೂಗಾಡಿದೆ, ಪತ್ರದಲ್ಲಿ ಬೈದೆ, ಕಡೆಗೆ ಕೈಮುಗಿದೆ. ಕೊನೆಗೂ ಡಿಸೆಂಬರಿನಲ್ಲಿ ಮೂವರು ಬಂದು ನೋಡುತ್ತಾರೆ ಎಂಬ ಉತ್ತರ ಬಂತು.

ಇಲ್ಲಿಂದ ಮುಂದಿನದಕ್ಕೆ ಅವರನ್ನಷ್ಟೇ ಬೈಯಲು ನನಗೆ ಬಾಯಿಲ್ಲ.

ಸುದ್ದಿ ಹೇಳಲು ಹೋದಾಗ ಖಾಲಾ ಹಿಗ್ಗಿದರು. ಆಮೇಲೆ ಗುಡಾಣದ ಕಡೆ ನೋಡಿ, "ದೊಡ್ಡ ಮಂದಿ, ಈ ವಾಸನಿ ತಡಕೋತಾರೇನ್ರಿ?" ಎಂದು ಕೇಳಿದರು. ತಡೆದುಕೊಳ್ಳಲಿ, ಅದೇ ಅವರ ಕೆಲಸ ಎನ್ನಬೇಕಿತ್ತು ನಾನು. ನಮ್ಮ ಕಡೆ ಬೀಗರು ಬರುತ್ತಾರೆಂದರೆ ಗೋಡೆಗೆ ಸುಣ್ಣ ಬಳಿದು, ಹರಕು ಹಾಸಿಗೆ ಅಟ್ಟಕ್ಕೆ ಒಗೆದು, ಇಲ್ಲದ ಶಿಸ್ತು ತೋರಿಸುವ ಚಟ ಎಲ್ಲರಿಗೂ ಇದೆ. ನನಗೂ ಇದೆ.

"ಸ್ವಲ್ಪ ವಾಸನಿ ಕಡಿಮಿ ಮಾಡಾಕ ಬರೂದಿಲ್ಲೇನ್ರಿ ಖಾಲಾ?" ಅಂದೆ.

ಖಾಲಾ ಗುಡಾಣಕ್ಕೆ ಬೆರಳದ್ದಿ ಮೂಸಿದರು. "ಬರ್ತೈತ್ರಿ. ನೀವು ಹೇಳಿದ್ರಂದ್ರ ಆತು," ಅಂದರು.

ಅರ್ಧ ನೀರು ಚೆಲ್ಲಿ, ಹೊಸ ನೀರು ತುಂಬಿ, ವಾಸನೆ ಸಾಯಲೆಂದು ಬೊಗಸೆ ಬೊಗಸೆ ಸುಣ್ಣ ಹಾಕಿದರು. ಹಾಗೆ ಮಾಡಿದರೆ ನೀಲಿ ಮುನಿಯುತ್ತದೆ ಎಂದು ಅವರಿಗೆ ಗೊತ್ತಿತ್ತು. ಎಂಟು ದಿನದಲ್ಲಿ ಬೆಲ್ಲ ಉಣಿಸಿ ಒಲಿಸಿಕೊಳ್ಳಬಹುದು ಎಂಬ ಧೈರ್ಯವಿತ್ತು. ಆದರೆ ಆ ವಾರವೇ ಚಳಿ ಬಿತ್ತು. ಗುಡಾಣದ ಸುತ್ತ ಗೋಣಿಚೀಲ ಸುತ್ತಿದರು, ಪಕ್ಕದಲ್ಲಿ ಕೆಂಡ ಇಟ್ಟರು. ನನಗೆ ಒಂದು ಮಾತೂ ಹೇಳಲಿಲ್ಲ.

ಅಕಾಡೆಮಿಯವರು ಬೆಳಗಿನಿಂದ ಲಕ್ಷ್ಮೇಶ್ವರದ ಗುಡಿ ಬಸದಿ ನೋಡಿಕೊಂಡು ಮಧ್ಯಾಹ್ನ ಬಂದರು. ವಿಜ್ಞಾನದ ಹಿರಿಯರೊಬ್ಬರು, ಕಲೆಯ ಮಹಿಳೆಯೊಬ್ಬರು, ಕ್ಯಾಮೆರಾ ಹಿಡಿದ ಅಧಿಕಾರಿ. ಹಿತ್ತಲು ಲಕಲಕ ಹೊಳೆಯುತ್ತಿತ್ತು. ವಾಸನೆಯ ಸುಳಿವಿಲ್ಲ. ಖಾಲಾ ಬಿಸ್ಮಿಲ್ಲಾ ಅಂದು ನೂಲು ಅದ್ದಿದರು, ಹಿಂಡಿ ಎತ್ತಿ ಹಿಡಿದರು. ಹಸಿರಿಲ್ಲ. ರಾಡಿ ನೀರಿನ ಬಣ್ಣ. ಗಾಳಿಗೆ ಹಿಡಿದರು, ಏನೂ ಆಗಲಿಲ್ಲ. ಮತ್ತೆ ಅದ್ದಿದರು. ಮೂರನೇ ಸಲವೂ ಅದೇ ರಾಡಿ. ಬಕೆಟ್ ನೀರಿನಲ್ಲಿ ತೊಳೆದಾಗ ನೂಲು ಬೆಳ್ಳಗೆ ಉಳಿಯಿತು.

"ಇವತ್ತ ಸಿಟ್ಟಿಗೆದ್ದೈತ್ರಿ," ಅಂದರು ಖಾಲಾ. ಯಾರ ಮುಖವನ್ನೂ ನೋಡಲಿಲ್ಲ.

ತಪ್ಪು ನನ್ನದು, ಸುಣ್ಣ ಹಾಕಿಸಿದ್ದು ನಾನು, ಬೇಸಿಗೆಯಲ್ಲಿ ಇನ್ನೊಮ್ಮೆ ಬನ್ನಿ ಎಂದು ಬಡಬಡಿಸಿದೆ. ಹಿರಿಯರು ಸಮಾಧಾನದಿಂದಲೇ ಕೇಳಿಸಿಕೊಂಡರು. ಕಣ್ಣಾರೆ ಕಂಡದ್ದನ್ನು ಮಾತ್ರ ಬರೆಯಬೇಕು, ಭೇಟಿ ಒಂದೇ ಸಲ ಅಂದರು. ಹಿಂದೆ ಸದಸ್ಯರು ತಮತಮಗೆ ಬೇಕಾದವರನ್ನೆಲ್ಲ ತುರುಕಲು ಹೊರಟಾಗ ಮಾಡಿದ ನಿಯಮವಂತೆ ಅದು. ನ್ಯಾಯದ ನಿಯಮವೇ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಕಾರು ಓಣಿ ದಾಟುವ ಮೊದಲೇ ಹಿತ್ತಲ ಕಟ್ಟೆಗೆ ಕೈ ಗುದ್ದಿಕೊಂಡೆ.

ಗುಡಾಣ ಮತ್ತೆ ಜೀವ ಹಿಡಿಯಲಿಲ್ಲ. ಬೇರೆ ಯಾರದಾದರೂ ಗುಡಾಣದ ಹಳೇ ನೀರು ಒಂದು ತಂಬಿಗೆ ಸಿಕ್ಕರೆ ಹೆಪ್ಪು ಹಾಕಬಹುದು ಅಂದರು ಖಾಲಾ. ಭಾನುವಾರಗಳನ್ನೆಲ್ಲ ಅದಕ್ಕೇ ಇಟ್ಟೆ. ಮುಳಗುಂದದಲ್ಲಿ ಕೇಳಿದೆ. ಶಿರಹಟ್ಟಿಯಲ್ಲಿ ಒಬ್ಬರು ಪ್ಯಾಕೆಟ್ ಬಣ್ಣ ತೋರಿಸಿದರು. ಮುಂಡರಗಿಯಲ್ಲಿ ಹಳೇ ಗುಡಾಣವೊಂದು ಸಿಕ್ಕಿತು, ಅದರ ತುಂಬ ತೊಗರಿ ಬೇಳೆ ಇತ್ತು. ಹೊಸದಾಗಿ ಹುಳಿಸಲು ಖಾಲಾ ಬೇಸಿಗೆಯಲ್ಲಿ ಎರಡು ಸಲ ನೋಡಿದರು. ಎರಡು ಸಲವೂ ಕೊಳೆಯಿತು. ಈಗ ಗುಡಾಣದ ಬಾಯಿಗೆ ಚಪ್ಪಡಿ ಮುಚ್ಚಿ ಅದರ ಮೇಲೆ ಬಟ್ಟೆ ಒಗೆಯುತ್ತಾರೆ.

ಅಕಾಡೆಮಿಯ ವರದಿಗೆ ಜಿಲ್ಲೆಯ ಸದಸ್ಯನಾಗಿ ನನ್ನ ಸಹಿ ಬೇಕಿತ್ತು. "ಜೀವಂತ ವಿದ್ಯೆ ಕಂಡುಬರಲಿಲ್ಲ" ಎಂದಿತ್ತು. ನಾಲ್ಕು ದಿನ ಇಟ್ಟುಕೊಂಡು ಸಹಿ ಹಾಕಿ ಕಳಿಸಿದೆ.

ಮೊನ್ನೆ ದಾಖಲೆ ಪುಸ್ತಕದ ಹೊಸ ಸಂಪುಟ ಬಂತು. ಇಟ್ಟಿಗೆಯಷ್ಟು ದಪ್ಪ, ರಟ್ಟಿಗೆ ಬಂಗಾರದ ಅಕ್ಷರ. ಸುದ್ದಿ ಹೇಗೋ ತಿಳಿದು ಖಾಲಾ ನಮ್ಮ ಮನೆಗೇ ಬಂದರು. ಅವರಿಗೆ ಉರ್ದು ಓದಲು ಬರುತ್ತದೆ, ಕನ್ನಡ ಬರುವುದಿಲ್ಲ. ನಮ್ಮ ಜಿಲ್ಲೆಯ ಪುಟ ತೆಗೆಯಲು ಹೇಳಿದರು. ತೆಗೆದೆ. ಖಾಲಿ ಹಾಳೆ, ಕೆಳಗೆ ಒಂದೇ ಸಾಲು. ಆ ಸಾಲಿನ ಮೇಲೆ ಬೆರಳಿಟ್ಟರು. ಉಗುರಿನ ಸಂದಿಯಲ್ಲಿದ್ದ ನೀಲಿ ಪೂರಾ ಹೋಗಿತ್ತು.

"ಇದು ಹೆಸರೇನ್ರಿ ಸರ? ಯಾರದು?"

"ನಂದು ಖಾಲಾ," ಅಂದೆ. ವಿದ್ಯೆ ಸಿಗಲಿ ಬಿಡಲಿ, ಜಿಲ್ಲೆಯ ಪುಟದಲ್ಲಿ ಸಂಪರ್ಕ ಸದಸ್ಯರ ಹೆಸರು ಹಾಕುವುದು ವಾಡಿಕೆ.

"ಛಲೋ ಆತು ಬಿಡ್ರಿ," ಅಂದರು. "ನಮ್ಮ ಓಣಿದು ಒಂದಾದ್ರೂ ಹೆಸರು ಬಂತಲ್ಲ."

ಕೊಂಕಿನಿಂದ ಅಂದಿದ್ದರೆ ತಡೆದುಕೊಳ್ಳುತ್ತಿದ್ದೆ. ಖಾಲಾ ಖುಷಿಯಿಂದಲೇ ಅಂದರು.